ಅರ್ಲೀತಾ ಕೈಯೆತ್ತಿದ ಭಾನುವಾರ

ನಮ್ಮ ನ್ಯೂ ಹೆಬ್ರೋನ್ ಚರ್ಚಿನಲ್ಲಿ ಹಾಡಲು ಬಾರದ ಹೆಂಗಸರಿಗೆ ಉಳಿಯುವುದು ಎರಡೇ ಕೆಲಸ. ಒಂದು ಅಡುಗೆಮನೆ, ಇನ್ನೊಂದು ಬಿಳಿ ಉಡುಪು. ಅರ್ಲೀತಾ ಮೋಸ್ಲಿಗೆ ಹಾಡು ಬರುತ್ತಿರಲಿಲ್ಲ. ಹರೆಯದಲ್ಲಿ ಒಂದು ವರ್ಷ ಹಾಡುಗಾರರ ಸಾಲಿನಲ್ಲಿ ನಿಂತಿದ್ದಳಂತೆ. ಆಮೇಲೆ ಆಗಿನ ಪಾಸ್ಟರ ಹೆಂಡತಿ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, "ಮಗಾ, ದೇವರಿಗೆ ನಿನ್ನ ಮನಸ್ಸು ಕೇಳಿಸುತ್ತೆ. ನಮಗೆ ಮಾತ್ರ ನಿನ್ನ ಗಂಟಲು ಕೇಳಿಸ್ತಾ ಇದೆ" ಎಂದರಂತೆ. ಅಡುಗೆಮನೆಗೆ ಅರ್ಲೀತಾ ಒಪ್ಪಲಿಲ್ಲ. ಆಗಷ್ಟೇ ಮೀನಿನ ಕಾರ್ಖಾನೆಗೆ ಸೇರಿದ್ದಳು. ವಾರವೆಲ್ಲ ಕ್ಯಾಟ್‌ಫಿಶ್ ಕೊಯ್ಯುವ ಕೈ ಭಾನುವಾರವೂ ಚಾಕು ಹಿಡಿಯುವುದು ಬೇಡವೆಂದಳು. ಹಾಗೆ ಬಿಳಿ ಉಡುಪು ಅವಳ ಪಾಲಿಗೆ ಬಂತು.

ಬಿಳಿ ಉಡುಪಿನವರನ್ನು ನಾವು ನರ್ಸುಗಳೆಂದು ಕರೆಯುತ್ತೇವೆ. ಅವರು ಆಸ್ಪತ್ರೆಯ ನರ್ಸುಗಳಲ್ಲ. ಬಿಳಿ ಟೋಪಿ, ಬಿಳಿ ಕಾಲುಚೀಲ, ಬಿಳಿ ಕೈಗವಸು ತೊಟ್ಟು ಗೋಡೆಯ ಪಕ್ಕ ನಿಲ್ಲುತ್ತಾರೆ. ಹಾಡು ಏರಿ, ಬೋಧನೆ ಏರಿ, ಯಾರ ಮೇಲಾದರೂ ಪವಿತ್ರಾತ್ಮ ಇಳಿದು ಅವರು ಮೈಮರೆತಾಗ ಅವರ ಕೆಲಸ ಶುರುವಾಗುತ್ತದೆ. ಮೊದಲು ಕನ್ನಡಕ ತೆಗೆಯಬೇಕು. ತೋಳಲ್ಲಿ ಮಗುವಿದ್ದರೆ ಅದಕ್ಕೂ ಮೊದಲು ಮಗುವನ್ನು ಎತ್ತಿಕೊಳ್ಳಬೇಕು. ನೆಲಕ್ಕೆ ಬಿದ್ದರೆ ತಲೆ ಬೆಂಚಿಗೆ ತಾಗದಂತೆ ಅಂಗೈ ಕೊಡಬೇಕು, ಹೆಂಗಸಾದರೆ ಮೊಣಕಾಲಿನ ಮೇಲೆ ಬಟ್ಟೆ ಹೊದಿಸಬೇಕು, ಶೂ ಬಿಚ್ಚಬೇಕು, ಗಾಳಿ ಬೀಸಬೇಕು. ಎಚ್ಚರವಾದ ಮೇಲೆ ನೀರು ಮತ್ತು ಒಂದು ಪೆಪ್ಪರ್‌ಮಿಂಟ್.

ಅರ್ಲೀತಾಗೆ ಪ್ರತಿಯೊಬ್ಬರ ರೀತಿ ಗೊತ್ತಿತ್ತು. ಚರ್ಚಿನ ಹಿರಿಯರಲ್ಲೊಬ್ಬರಾದ ಡೀಕನ್ ಪರ್ವಿಸ್ ಓಡುತ್ತಾರೆ. ವಯಸ್ಸಾದ ಮೇಲೂ ಓಡುತ್ತಾರೆ. ಆದರೆ ಎಡಗಡೆಯ ಹಾದಿಯಲ್ಲಿ ಮಾತ್ರ, ಏಕೆಂದರೆ ಬಲಗಡೆಯ ಕಾರ್ಪೆಟ್ ಕಿತ್ತುಹೋಗಿದೆ. ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರುಗಳೇ. ಮುದುಕಿ ಸಿಸ್ಟರ್ ಕ್ಲೀವಿ ಕೈಚೀಲ ಎಸೆಯುತ್ತಾರೆ. ಅದು ಹಾರಿ ಬರುವ ಮುಂಚೆಯೇ ಅರ್ಲೀತಾ ಅಲ್ಲಿ ನಿಂತಿರುತ್ತಿದ್ದಳು.

"ಸಿಸ್ಟರ್, ನಿಮ್ಮ ಚೀಲದಲ್ಲಿ ಇಟ್ಟಿಗೆ ಇಟ್ಕೊಂಡು ಬರ್ತೀರಾ?" ಎಂದು ಒಮ್ಮೆ ಕೇಳಿದ್ದಳು.

"ಬೈಬಲ್ಲು ಕಣೇ. ದೇವರ ವಾಕ್ಯ ಅಂದ್ರೆ ಭಾರವೇ."

ಹೊಸದಾಗಿ ಬಿಳಿ ತೊಟ್ಟ ಹುಡುಗಿಯರಿಗೆ ಅರ್ಲೀತಾ ಎಲ್ಲಕ್ಕಿಂತ ಮೊದಲು ಕಲಿಸುತ್ತಿದ್ದ ಪಾಠ ಒಂದೇ. ತಡೆಯಬಾರದು. ಅಲುಗಾಡಿಸಬಾರದು, ಮಾತಾಡಿಸಬಾರದು, ಏನಾಯಿತೆಂದು ಕೇಳಬಾರದು. "ಅವರಿಗೂ ಆತ್ಮಕ್ಕೂ ನಡುವೆ ನೀನ್ಯಾರು ತಾಯಿ? ನೀನು ಬರೀ ಗಾಳಿ ಬೀಸೋಳು." ಆ ಮಾತನ್ನು ಅವಳು ಸ್ವತಃ ಎಂದೂ ಮೀರಿರಲಿಲ್ಲ.

ಅವಳ ಅಜ್ಜಿ ಸೂಲಗಿತ್ತಿಯಾಗಿದ್ದಳು. ನಮ್ಮ ಕೌಂಟಿಯಲ್ಲಿ ಈಗ ಮುದುಕರಾಗಿರುವವರಲ್ಲಿ ಬಹಳ ಜನ ಹುಟ್ಟುವಾಗ ಆ ಕೈಗೇ ಬಿದ್ದವರು. ಆಮೇಲೆ ಸರ್ಕಾರ ಸೂಲಗಿತ್ತಿಯರ ಪರವಾನಗಿಗಳನ್ನು ವಾಪಸು ಪಡೆಯಿತು. ಆಸ್ಪತ್ರೆ ಇರುವಾಗ ಇವರೇಕೆ ಎಂಬುದು ಆಗಿನ ಮಾತು. ಆಸ್ಪತ್ರೆ ಇತ್ತು, ನಿಜ. ಹೆರಿಗೆ ವಾರ್ಡಿತ್ತು. ಒಬ್ಬ ಹಳೆಯ ಡಾಕ್ಟರಿದ್ದರು. ಅವರು ನಿವೃತ್ತರಾದ ಮೇಲೆ ಬಂದ ಒಬ್ಬರು ಎರಡು ಬೇಸಿಗೆ ಇದ್ದು ಹೋದರು. ಅವರ ನಂತರ ಬಂದ ಹೆಂಗಸು ಒಂದೇ ಬೇಸಿಗೆಗೆ ಹೋದಳು. ಹಗಲೂ ರಾತ್ರಿ ತಾನೊಬ್ಬಳೇ ಹೇಗೆ ಇರಲಿ ಎಂದಳಂತೆ, ಅದೂ ತಪ್ಪಲ್ಲ. ವಾರ್ಡಿನ ಬಾಗಿಲು ಮುಚ್ಚಿತು. ಈಗ ಅಲ್ಲಿ ಹಳೆಯ ಗಾಲಿಕುರ್ಚಿಗಳನ್ನು ಒಟ್ಟಿದ್ದಾರೆ. ಅಜ್ಜಿಯ ಕೈಯೂ ಹೋಯಿತು, ಡಾಕ್ಟರ ಕೈಯೂ ಹೋಯಿತು. ಬಸುರಿಯಾದವರು ಮೀನಿನ ಕೆರೆಗಳನ್ನೂ ಪೈನ್ ತೋಪುಗಳನ್ನೂ ದಾಟಿ ಟಸ್ಕಲೂಸಾ ನಗರದ ಆಸ್ಪತ್ರೆಗೆ ಹೋಗಬೇಕು. ಸುತ್ತಲಿನ ಕೌಂಟಿಗಳ ಬಸುರಿಯರೂ ಅಲ್ಲಿಗೇ ಬರುತ್ತಾರೆ. ಹಾಗಾಗಿ ಮೊದಲ ಸಲ ತೋರಿಸಲು ದಿನ ಸಿಗುವಷ್ಟರಲ್ಲಿ ಹೊಟ್ಟೆ ಊರಿಗೆಲ್ಲ ಕಾಣುವಂತಾಗಿರುತ್ತದೆ.

ಅರ್ಲೀತಾಗೆ ಸ್ವಂತ ಮಕ್ಕಳಿಲ್ಲ. ಗಂಡ ಸತ್ತು ಬಹಳ ಕಾಲವಾಯಿತು. ಅಣ್ಣನ ಮೊಮ್ಮಗಳು ಜಕೀರಾಳನ್ನು ಮಾತ್ರ ಅವಳು ಸಣ್ಣವಳಿದ್ದಾಗಿನಿಂದ ಭಾನುವಾರಗಳಂದು ತಲೆ ಬಾಚಿ ಚರ್ಚಿಗೆ ಕರೆದುಕೊಂಡು ಬರುತ್ತಿದ್ದಳು. ಜಕೀರಾಗೆ ಇಡೀ ಮನೆತನದ ಹಾಡು ಬಂದಿತ್ತು. ಅವಳು ಮುಂದೆ ನಿಂತು ಹಾಡುವಾಗ ಆರ್ಗನ್ ಬಾರಿಸುವ ಲೂಶಿಯಸ್ ಕಣ್ಣು ಮುಚ್ಚಿಯೇ ಬಾರಿಸುತ್ತಿದ್ದ. "ಈ ಹುಡುಗಿ ಇದ್ರೆ ನಂಗೆ ಕೀಲಿಮಣೆ ನೋಡೋ ಕೆಲಸ ಇಲ್ಲ" ಎನ್ನುತ್ತಿದ್ದ. ಅವಳು ಡಿಮಾರಿಯೊನನ್ನು ಮದುವೆಯಾದಳು. ಅವನು ಮರದ ದಿಮ್ಮಿಗಳ ಲಾರಿ ಓಡಿಸುತ್ತಾನೆ. ಮಾತು ಕಡಿಮೆ. ಮದುವೆಯಾದ ಮರುವರ್ಷ ಜಕೀರಾ ಬಸುರಿಯಾದಳು.

ಡಿಮಾರಿಯೊಗೆ ಹಗಲು ರಜೆ ಸಿಗುತ್ತಿರಲಿಲ್ಲ. ಆದ್ದರಿಂದ ಟಸ್ಕಲೂಸಾಕ್ಕೆ ಕರೆದೊಯ್ಯುವುದು ಅರ್ಲೀತಾಳ ಪಾಲಿಗೆ ಬಂತು. ಅವಳ ಬ್ಯೂಕ್ ಕಾರು ಮುದಿಯಾಗಿತ್ತು. ಏರಿನಲ್ಲಿ ನರಳುತ್ತಿತ್ತು.

"ಆಂಟಿ, ಇದು ನಮ್ಮನ್ನ ಮುಟ್ಟಿಸುತ್ತಾ?"

"ಮುಟ್ಟಿಸುತ್ತೆ. ವಾಪಸ್ ಕರ್ಕೊಂಡು ಬರೋದು ಮಾತ್ರ ದೇವರ ಚಿತ್ತ."

ಮೊದಲ ಎರಡು ಸಲ ಎಲ್ಲ ಸರಿಯಾಗಿತ್ತು. ಡಾಕ್ಟರು ನಗುಮುಖದ ಹೆಂಗಸು. ಕುಳಿತು ಮಾತಾಡುವಷ್ಟು ಬಿಡುವು ಅವರಿಗಿರಲಿಲ್ಲ. ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗಿದೆ ಎಂದು ಜಕೀರಾ ವಾರಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಮೂರನೆಯ ಸಲ ಹೊರಟದ್ದು ಜುಲೈ ಕೊನೆಯಲ್ಲಿ. ಆಗ ಜಕೀರಾಗೆ ಏಳು ತುಂಬುತ್ತಾ ಬಂದಿತ್ತು. ಅರ್ಧ ದಾರಿಯ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಕರಿದ ಕೋಳಿತುಂಡು ಮತ್ತು ಬೇಯಿಸಿದ ಕಡಲೆಕಾಯಿ ಕೊಂಡಿದ್ದರು. ಅಷ್ಟರಲ್ಲಿ ಫೋನು ಬಂತು. ಡಾಕ್ಟರು ತುರ್ತು ಆಪರೇಷನ್ನಿಗೆ ಹೋಗಿದ್ದಾರೆ, ಇವತ್ತಿನವರಿಗೆಲ್ಲ ಬೇರೆ ದಿನ ಕೊಡುತ್ತಿದ್ದೇವೆ ಎಂದು ಕ್ಲಿನಿಕ್ಕಿನ ಹುಡುಗಿ ಹೇಳಿದಳು. ಅರ್ಲೀತಾ ಫೋನು ಕಿತ್ತುಕೊಂಡಳು.

"ಕೂಸೇ, ನಾವು ಅರ್ಧ ದಾರಿ ಬಂದುಬಿಟ್ಟಿದ್ದೀವಿ."

"ಗೊತ್ತು ಮೇಡಮ್. ನಿಮಗಿಂತ ದೂರದಿಂದ ಬಂದೋರು ಇಲ್ಲಿ ನನ್ನ ಎದುರಿಗೇ ಕೂತಿದ್ದಾರೆ. ಅವರಿಗೂ ಇದನ್ನೇ ಹೇಳ್ಬೇಕು."

"ಬೇರೆ ಡಾಕ್ಟರು ಯಾರೂ ಇಲ್ವಾ?"

"ಇದ್ದಿದ್ರೆ ನಾನು ಫೋನ್ ಮಾಡ್ತಾನೇ ಇರ್ಲಿಲ್ಲ."

ಆ ಹುಡುಗಿಯ ದನಿಯಲ್ಲಿ ಒರಟುತನವಿರಲಿಲ್ಲ, ದಣಿವಿತ್ತು. ಹಾಗಾಗಿ ಅರ್ಲೀತಾಗೆ ಬಯ್ಯಲೂ ಆಗಲಿಲ್ಲ. ಸಿಕ್ಕಿದ ದಿನ, ಊರು ಬಿಟ್ಟವರೆಲ್ಲ ಚರ್ಚಿಗೆ ಮರಳಿ ಬರುವ ಆಗಸ್ಟಿನ ಹೋಮ್‌ಕಮಿಂಗ್ ಭಾನುವಾರ ಕಳೆದ ಮೇಲಿನದು.

"ಹೋಗ್ಲಿ ಬಿಡಿ ಆಂಟಿ," ಎಂದಳು ಜಕೀರಾ. "ಹೇಳೋಕೇನಿತ್ತು? ತಲೆನೋವು, ಕಾಲು ಊತ. ಬಸುರಿ ಅಂದ್ಮೇಲೆ ಅದೆಲ್ಲ ಇರೋದೇ ತಾನೆ."

"ಉಪ್ಪು ಕಮ್ಮಿ ಮಾಡು. ಆ ಕಡಲೆಕಾಯಿ ಇತ್ಲಾಗೆ ಕೊಡು."

"ಅಯ್ಯೋ, ಇದೊಂದು ಪೊಟ್ಟಣ!"

ಅರ್ಲೀತಾ ಅರ್ಧ ಕಿತ್ತುಕೊಂಡಳು. ಗಾಡಿ ತಿರುಗಿಸಿಕೊಂಡು ಬಂದರು. ಆ ದಿನ ಜಕೀರಾಳ ತೋಳಿಗೆ ಬಿಪಿ ಪಟ್ಟಿ ಸುತ್ತುವವರು ಯಾರೂ ಇರಲಿಲ್ಲ. ಮುಂದಿನ ವಾರಗಳಲ್ಲೂ ಇರಲಿಲ್ಲ.

ಆ ಭಾನುವಾರಕ್ಕೆ ಮುಂಚಿನ ಗುರುವಾರದ ಸಂಜೆ ಹೋಮ್‌ಕಮಿಂಗಿಗಾಗಿ ಹಾಡಿನ ಅಭ್ಯಾಸ ನಡೆಯುತ್ತಿತ್ತು. ಬಿಡುವಿನಲ್ಲಿ ಜಕೀರಾ ಬೆಂಚಿನ ಮೇಲೆ ಕೂತು, ಎತ್ತರದ ಸ್ವರ ಹಿಡಿದಾಗ ಕಣ್ಣ ಮುಂದೆ ಬೆಳ್ಳಿ ಚುಕ್ಕೆಗಳು ಸುರಿದ ಹಾಗಾಗುತ್ತದೆ ಎಂದಳು.

"ಎಂಥ ಚುಕ್ಕೆ?" ಎಂದರು ಸಿಸ್ಟರ್ ಕ್ಲೀವಿ.

"ಬೆಳಕಿನ ಥರ. ಸುತ್ತ ಮಿಣಮಿಣ ಅನ್ನುತ್ತೆ. ಆಮೇಲೆ ತಾನೇ ಹೋಗುತ್ತೆ."

ಕ್ಲೀವಿ ಅವಳ ಕೈಗಳನ್ನು ಎದೆಗೊತ್ತಿಕೊಂಡರು. "ನಾನು ಎಂಬತ್ತು ದಾಟಿದೀನಿ. ಈ ಬೆಂಚಲ್ಲಿ ಕೂತು ಒಂದ್ಸಲನಾದ್ರೂ ಆ ದೇವರ ಬೆಳಕನ್ನ ನೋಡ್ಬೇಕು ಅಂತ ಕಾಯ್ತಿದ್ದೀನಿ. ನಿಂಗೆ ಈ ವಯಸ್ಸಿಗೇ ತೋರಿಸ್ತಿದ್ದಾನಲ್ಲೇ! ಯಾರಿಗೂ ಹೇಳ್ಬೇಡ, ದೃಷ್ಟಿಯಾಗುತ್ತೆ."

ಅರ್ಲೀತಾ ಹಿಂದಿನ ಸಾಲಿನಲ್ಲಿ ಬೀಸಣಿಗೆಗಳನ್ನು ಜೋಡಿಸುತ್ತಿದ್ದಳು. ಮಾತು ಅವಳ ಕಿವಿಗೆ ಬಿತ್ತು. ಅವಳ ಮುಖವೂ ಅರಳಿತು.

ಹೋಮ್‌ಕಮಿಂಗ್ ದಿನ ಚರ್ಚು ತುಂಬಿ ಕಿಟಕಿಯವರೆಗೂ ಜನ ನಿಂತಿದ್ದರು. ಡೆಟ್ರಾಯಿಟಿನಿಂದ, ಕ್ಲೀವ್‌ಲ್ಯಾಂಡಿನಿಂದ ನೆಂಟರು ದೊಡ್ಡ ಗಾಡಿಗಳಲ್ಲಿ ಬಂದಿದ್ದರು. ಹೊರಗೆ ಮರದಡಿಯ ಮೇಜುಗಳ ಮೇಲೆ ಕರಿದ ಮೀನು, ಕಾಲರ್ಡ್ ಸೊಪ್ಪು, ಪೌಂಡ್ ಕೇಕು ಬಟ್ಟೆ ಮುಚ್ಚಿಕೊಂಡು ಕಾಯುತ್ತಿದ್ದವು. ಒಳಗೆ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಜಕೀರಾ ಹಾಡುಗಾರರ ನೀಲಿ ನಿಲುವಂಗಿ ತೊಟ್ಟು ಮುಂದೆ ಬಂದಳು. ಆ ಅಗಲದ ಬಟ್ಟೆಯೊಳಗೆ ಹೊಟ್ಟೆಯೂ ಕಾಣುತ್ತಿರಲಿಲ್ಲ, ಊದಿದ ಕಾಲೂ ಕಾಣುತ್ತಿರಲಿಲ್ಲ.

ಹಾಡು ಏರಿತು. ಎರಡನೆಯ ಚರಣ ಮುಗಿದು, ಎಲ್ಲರೂ ಎದ್ದು ನಿಂತು, ಕೈಗಳು ಮೇಲಕ್ಕೆ ಹೋದವು. ಎತ್ತರದ ಸ್ವರಕ್ಕೆ ಹೋದ ಜಕೀರಾ ಅಲ್ಲೇ ನಿಂತುಬಿಟ್ಟಳು. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಕಣ್ಣು ಮೇಲಿನ ಬಲಮೂಲೆಯಲ್ಲಿ ನೆಟ್ಟಿತ್ತು. ಆಮೇಲೆ ಮೈ ಮರದ ಹಾಗೆ ಬಿಗಿದು, ಹಿಂದಕ್ಕೆ ವಾಲಿ ಬಿದ್ದಳು. ಬಿದ್ದವಳು ಅದುರತೊಡಗಿದಳು.

"ಆತ್ಮ ಇಳೀತು!" ಎಂದು ಕ್ಲೀವಿ ಕೂಗಿದರು. ಕೈಚೀಲ ಹಾರಿತು.

ಇಡೀ ಚರ್ಚು ಒಂದೇ ದನಿಯಾಯಿತು. ಲೂಶಿಯಸ್ ಕಣ್ಣು ತೆರೆಯದೆ ಆರ್ಗನ್ನಿನ ವೇಗ ಹೆಚ್ಚಿಸಿದ. ಆತ್ಮ ಇಳಿದಾಗ ವಾದ್ಯ ಅದರ ಜೊತೆ ಓಡಬೇಕು, ಅದು ನಮ್ಮ ಪದ್ಧತಿ. ಡ್ರಮ್ಮು ಸೇರಿಕೊಂಡಿತು. ಡೀಕನ್ ಪರ್ವಿಸ್ ಎಡಗಡೆಯ ಹಾದಿಯಲ್ಲಿ ಓಡಿದರು. ನೆಲದ ಮೇಲೆ ಜಕೀರಾ ಅದುರುತ್ತಿದ್ದಳು. ಅವಳ ಹಿಮ್ಮಡಿ ಮರದ ನೆಲಕ್ಕೆ ಬಡಿಯುವುದು ಡ್ರಮ್ಮಿನ ತಾಳಕ್ಕೆ ಹತ್ತಿರವಾಗಿತ್ತು.

ಅರ್ಲೀತಾ ಎಂದಿನಂತೆ ಎಲ್ಲರಿಗಿಂತ ಮೊದಲು ಅಲ್ಲಿದ್ದಳು. ತಲೆಯ ಕೆಳಗೆ ಅಂಗೈ ಕೊಟ್ಟಳು. ಮೊಣಕಾಲಿಗೆ ಬಟ್ಟೆ ಹೊದಿಸಿದಳು. ಮಾತಾಡಿಸಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಒಬ್ಬ ಹುಡುಗಿ ಗಾಳಿ ಬೀಸುತ್ತಿದ್ದಳು. ಅರ್ಲೀತಾ ಶೂ ಬಿಚ್ಚಲು ಹೋದಳು. ಶೂ ಬರಲಿಲ್ಲ. ಕಾಲು ಹಿಟ್ಟಿನ ಹಾಗೆ ಉಬ್ಬಿ ಪಟ್ಟಿಯ ಮೇಲೆ ಚೆಲ್ಲಿಕೊಂಡಿತ್ತು. ಪಟ್ಟಿ ಮಾಂಸದೊಳಗೆ ಹೂತು ಕಾಣದಾಗಿತ್ತು. ಅವಳು ಅದನ್ನು ಹಾಗೇ ಬಿಟ್ಟು, ಮುಖದ ಕಡೆ ಬಂದು, ಬಾಯಂಚಿನ ಜೊಲ್ಲನ್ನು ಒರೆಸಿದಳು. ಎಷ್ಟೋ ಜನರ ಬಾಯಿ ಒರೆಸಿದ ಕೈಯದು. ಕೈಗವಸು ಕೆಂಪಾಗಿ ಬಂತು. ಜಕೀರಾಳ ಹಲ್ಲಿನ ನಡುವೆ ಅವಳ ನಾಲಿಗೆಯಿತ್ತು.

ಬೆರಳಿನ ಮೇಲಿನ ಕೆಂಪನ್ನು ಅರ್ಲೀತಾ ನೋಡಿದಳು. ಆ ನೋಟ ಬಹಳ ಹೊತ್ತಿನದೇನಲ್ಲ. ಆತ್ಮ ಇಳಿದವರು ಅತ್ತದ್ದು, ನಕ್ಕದ್ದು, ಬಿದ್ದದ್ದು ಅವಳು ಕಂಡಿದ್ದಳು. ಆತ್ಮ ಯಾರ ನಾಲಿಗೆಯನ್ನೂ ಕಚ್ಚಿದ್ದನ್ನು ಕಂಡಿರಲಿಲ್ಲ.

ಎದ್ದು ನಿಂತಳು. ಆರ್ಗನ್ನಿನ ಕಡೆ ತಿರುಗಿ ಆ ಕೈಯನ್ನೇ ಮೇಲೆತ್ತಿದಳು.

"ನಿಲ್ಸು!"

ಹಾಡಲು ಬಾರದ ಆ ಗಂಟಲು ಅಂದು ಎಲ್ಲ ವಾದ್ಯಗಳ ಮೇಲೆ ಕೇಳಿಸಿತು. ಲೂಶಿಯಸ್ ಕಣ್ಣು ತೆರೆದ. ಅವನ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಡ್ರಮ್ಮು ಇನ್ನೆರಡು ಪೆಟ್ಟು ಹೋಗಿ ತಡವರಿಸಿ ನಿಂತಿತು.

ಡೀಕನ್ ಪರ್ವಿಸ್ ಏದುಸಿರು ಬಿಡುತ್ತ ಬಂದರು. "ಅಡ್ಡ ಬರ್ಬೇಡ ಸಿಸ್ಟರ್! ನೀನೇ ತಾನೆ ಎಲ್ರಿಗೂ ಹೇಳಿಕೊಡೋದು—"

"ಡೀಕನ್, ಇದು ಆತ್ಮ ಅಲ್ಲ, ಕಾಯಿಲೆ. ಮಗು ಹೊಟ್ಟೇಲಿದೆ. ಗಾಡಿ ತೆಗೀರಿ ಯಾರಾದ್ರೂ!"

ಮೊದಲು ಅಲುಗಿದವನು ಡಿಮಾರಿಯೊ. ಬೆಂಚುಗಳನ್ನು ದಾಟಿಕೊಂಡೇ ಬಂದ. ಕೌಂಟಿಯ ಆಂಬುಲೆನ್ಸು ಬೇರೆಲ್ಲೋ ಹೋಗಿತ್ತು. ಡೆಟ್ರಾಯಿಟಿನಿಂದ ಬಂದಿದ್ದವರೊಬ್ಬರು ತಮ್ಮ ದೊಡ್ಡ ಗಾಡಿಯ ಹಿಂಬದಿಯ ಸೀಟು ಮಡಿಸಿದರು. ಜಕೀರಾಳನ್ನು ಎಡಮಗ್ಗುಲಿಗೆ ಮಲಗಿಸಿಕೊಂಡು ನಮ್ಮೂರಿನ ಆಸ್ಪತ್ರೆಗೇ ಹೋದರು. ಹೆರಿಗೆ ವಾರ್ಡು ಇಲ್ಲದಿದ್ದರೂ ತುರ್ತು ಕೋಣೆ ಇತ್ತು. ಅಲ್ಲಿದ್ದ ಯುವಕ ಡಾಕ್ಟರು ಹೆರಿಗೆ ಮಾಡಿಸಿದವನಲ್ಲ. ಆದರೆ ಹೆದರುತ್ತಲೇ ಟಸ್ಕಲೂಸಾಕ್ಕೆ ಫೋನು ಮಾಡಿ, ಅವರು ಹೇಳಿದ ಔಷಧಿಯನ್ನು ಅವರು ಹೇಳಿದಂತೆಯೇ ನರಕ್ಕೆ ಹಾಕಿದ. ಫಿಟ್ಸು ನಿಂತಿತು. ಆಮೇಲೆ ಅವಳನ್ನು ಟಸ್ಕಲೂಸಾಕ್ಕೆ ಒಯ್ಯಲು ಹೆಲಿಕಾಪ್ಟರು ಬಂತು.

ಚರ್ಚಿನಲ್ಲಿ ಊಟಕ್ಕೆ ಯಾರೂ ಕೂರಲಿಲ್ಲ. ಬಟ್ಟೆ ಮುಚ್ಚಿದ ತಟ್ಟೆಗಳನ್ನು ಅವರವರು ಮನೆಗೆ ಒಯ್ದರು.

ಮಗುವನ್ನು ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ಡಿಮಾರಿಯೊನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟೂ ಉದ್ದವಿರಲಿಲ್ಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಜಕೀರಾಗೆ ಎಚ್ಚರವಾದದ್ದು ಮೂರನೆಯ ದಿನ. ಮೊದಮೊದಲು ಕಣ್ಣು ಮಂಜಾಗಿತ್ತು. ಬಂದವರನ್ನು ದನಿಯಿಂದ ಗುರುತಿಸುತ್ತಿದ್ದಳು. ನಾಲಿಗೆಗೆ ಹೊಲಿಗೆ ಹಾಕಿದ್ದರು.

ಆ ವಾರ ಅರ್ಲೀತಾ ಡಾಕ್ಟರನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದಳು. ಎರಡು ಸಲ ಕಂಡಿದ್ದ ಅದೇ ನಗುಮುಖದ ಹೆಂಗಸು. ಆ ದಿನ ನಗುತ್ತಿರಲಿಲ್ಲ.

"ಡಾಕ್ಟ್ರೇ, ನಾವು ಅವಳ ಸುತ್ತ ಹಾಡ್ತಾ ನಿಂತಿದ್ವಿ. ಅದೇನು, ಒಂದು ಹಾಡಿನಷ್ಟು ಹೊತ್ತು. ಅಷ್ಟು ಹೊತ್ತಲ್ಲಿ ಏನಾದ್ರೂ..."

ಡಾಕ್ಟರು ಗೋಡೆಗೆ ಒರಗಿದರು. "ಮಿಸ್ ಅರ್ಲೀತಾ, ಅಷ್ಟು ಹೊತ್ತಲ್ಲಿ ಆಗಿದ್ದಲ್ಲ ಇದು. ವಾರಗಳಲ್ಲಿ ಆಗಿದ್ದು. ತಲೆನೋವು, ಊತ, ಕಣ್ಣಲ್ಲಿ ಬೆಳಕು. ಬಿಪಿ ಒಂದ್ಸಲ ನೋಡಿದ್ರೆ ಸಾಕಿತ್ತು. ಜುಲೈಲಿ ಆ ದಿನ ನಾನು ಇಲ್ಲಿ ಇನ್ನೊಬ್ಬಳನ್ನ ಉಳಿಸ್ತಾ ಇದ್ದೆ."

"ಅವಳು ಉಳಿದ್ಲಾ?"

"ಉಳಿದ್ಲು."

ಅರ್ಲೀತಾ ತಲೆಯಾಡಿಸಿದಳು. ಮನೆಗೆ ಬಂದು ಕೈಗವಸನ್ನು ಒಗೆದಳು, ಬಿಳಿ ಉಡುಪನ್ನು ಒಗೆದು ಇಸ್ತ್ರಿ ಮಾಡಿ ಬೀರುವಿನಲ್ಲಿ ತೂಗುಹಾಕಿದಳು. ಮುಂದಿನ ಭಾನುವಾರ ಕಂದು ಬಣ್ಣದ ಉಡುಪಿನಲ್ಲಿ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಅದರ ಮುಂದಿನ ಭಾನುವಾರವೂ ಅಷ್ಟೆ.

ಚರ್ಚು ತಣ್ಣಗಾಯಿತು. ಹಾಡು ಏರುತ್ತಿತ್ತು, ಆದರೆ ಒಂದು ಮಟ್ಟಕ್ಕೆ ಬಂದ ಮೇಲೆ ಎಲ್ಲರೂ ಪಕ್ಕದವರ ಮುಖ ನೋಡುತ್ತಿದ್ದರು. ಯಾರಾದರೂ "ಓ!" ಎಂದರೆ ನಾಲ್ಕು ಜನ ನೀರು ಹಿಡಿದು ಓಡುತ್ತಿದ್ದರು. ಲೂಶಿಯಸ್ ಈಗ ಕಣ್ಣು ಬಿಟ್ಟುಕೊಂಡೇ ಬಾರಿಸುತ್ತಿದ್ದ. ಸಿಸ್ಟರ್ ಕ್ಲೀವಿ ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂರುತ್ತಿದ್ದರು. ಬೆಳಕಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅಕ್ಟೋಬರಿನಲ್ಲಿ ಡೀಕನ್ ಪರ್ವಿಸ್ ಅರ್ಲೀತಾಳ ಮನೆಗೆ ಬಂದರು. ವರಾಂಡದ ಕುರ್ಚಿಯಲ್ಲಿ ಕೂತು ಟೋಪಿ ತೆಗೆದರು.

"ಬಿಳಿ ಬಟ್ಟೆ ಎಲ್ಲಿ ಸಿಸ್ಟರ್?"

"ಒಗೆಯೋಕೆ ಹಾಕಿದೀನಿ."

"ಎರಡು ತಿಂಗಳಿಂದ?"

"ಕೊಳೆ ಜಾಸ್ತಿ ಇತ್ತು ಡೀಕನ್."

ಡೀಕನ್ನರು ಟೋಪಿಯನ್ನು ಮೊಣಕಾಲಿನ ಮೇಲಿಟ್ಟರು. "ನೋಡು, ನಾನು ಓಡೋಕೆ ಅಂತ ಎದ್ರೆ ನಮ್ಮಾಕೆ ಕೋಟು ಹಿಡಿದು ಎಳೀತಾಳೆ. ಎದೆನೋವೇನೋ ಅಂತ. ಹೋದ ವಾರ ಕೋಟಿನ ಹೊಲಿಗೆ ಬಿಚ್ಚೋಯ್ತು. ಹಿಂಗೆ ಎಷ್ಟು ದಿನ? ಯಾವುದು ಏನು ಅಂತ ಹೇಳೋಕೆ ಒಬ್ರು ಬೇಕು ಅಲ್ಲಿ."

"ಆವತ್ತು ಅಲ್ಲಿ ಇದ್ದೋಳು ನಾನೇ. ಹೇಳೋಕೆ ಆಗ್ಲಿಲ್ಲ."

"ನಿಲ್ಸಿದ್ದೂ ನೀನೇ. ನಾನು ಇನ್ನೂ ಎರಡು ಸುತ್ತು ಓಡ್ತಿದ್ದೆ."

ಅರ್ಲೀತಾ ಕಾಫಿ ಕೊಟ್ಟು ಕಳಿಸಿದಳು. ಬಿಳಿ ಉಡುಪು ತೊಡಲಿಲ್ಲ.

ಆದರೆ ಮಗುವನ್ನು ನೋಡಲು ಡಿಮಾರಿಯೊನ ಜೊತೆ ಟಸ್ಕಲೂಸಾಕ್ಕೆ ಹೋದಾಗ, ಗಾಜಿನ ಪೆಟ್ಟಿಗೆಗಳ ಕೋಣೆಯ ಒಬ್ಬ ನರ್ಸಿನ ಹತ್ತಿರ ಬಿಪಿ ನೋಡುವುದು ಹೇಗೆಂದು ಕೇಳಿದಳು. ಆಕೆ ತನ್ನ ತೋಳನ್ನೇ ಚಾಚಿ ಪಟ್ಟಿ ಸುತ್ತಿಸಿದಳು. ಮೀನು ಕೊಯ್ದು ಗಂಟುಗಟ್ಟಿದ ಬೆರಳುಗಳಿಗೆ ಮೊದಲು ಪಟ್ಟಿ ಸರಿಯಾಗಿ ನಿಲ್ಲಲಿಲ್ಲ. "ಇಷ್ಟು ಬಿಗಿ ಬೇಡ ಮೇಡಮ್, ನನ್ನ ಕೈ ಕ್ಯಾಟ್‌ಫಿಶ್ ಅಲ್ಲ" ಎಂದು, ಅವಳ ಕೆಲಸ ಕೇಳಿ ತಿಳಿದಿದ್ದ ಆ ನರ್ಸು ನಕ್ಕಳು. ಮುಂದಿನ ಸಲ ಹೋದಾಗ ಅರ್ಲೀತಾ ತನ್ನದೇ ಪಟ್ಟಿಯನ್ನು ಒಯ್ದಿದ್ದಳು, ತಪ್ಪಿಲ್ಲವೇ ನೋಡಿ ಎಂದು.

ನವೆಂಬರಿನಿಂದ, ಪ್ರಾರ್ಥನೆ ಮುಗಿದ ಮೇಲೆ ಬಸುರಿಯರು ಮಕ್ಕಳ ಪಾಠದ ಕೋಣೆಯಲ್ಲಿ, ಆ ಗಿಡ್ಡ ಕುರ್ಚಿಗಳ ಮೇಲೆ ಕೂತು ಅರ್ಲೀತಾಳ ಪಟ್ಟಿಗೆ ತೋಳು ಚಾಚತೊಡಗಿದರು. ಬೇರೆ ಚರ್ಚಿನವರೂ ಬಂದರು. ತಲೆನೋವು ಇದೆಯೇ, ಕಣ್ಣ ಮುಂದೆ ಏನಾದರೂ ಕಾಣುತ್ತದೆಯೇ ಎಂದು ಕೇಳುವುದು, ಬಿಪಿ ಹೆಚ್ಚಾಗಿದ್ದರೆ ಟಸ್ಕಲೂಸಾಕ್ಕೆ ಫೋನು ಮಾಡುವುದು, ಹೊರಡಿಸುವುದು. ಅಷ್ಟೇ ಅವಳ ಕೆಲಸ. ಕ್ರಿಸ್ಮಸ್ಸಿನ ಹೊತ್ತಿಗೆ ಒಬ್ಬ ಹುಡುಗಿ ಅವಳ ಮಾತು ಕೇಳಿ ಅಷ್ಟು ದೂರ ಹೋಗಿ, ಏನೂ ಇಲ್ಲವೆನ್ನಿಸಿಕೊಂಡು ವಾಪಸು ಬಂದು ಸಿಡುಕಿದಳು.

"ಮಿಸ್ ಅರ್ಲೀತಾ, ಸುಮ್ಸುಮ್ನೆ ನನ್ನನ್ನ ಓಡಾಡಿಸಿದ್ರಿ! ಕೆಲಸ ಬಿಟ್ಟು ಹೋಗಿದ್ದೆ ನಾನು."

"ಬಯ್ಯಿ ಮಗಾ, ಚೆನ್ನಾಗಿ ಬಯ್ಯಿ. ಬಯ್ಯೋಕೆ ನೀನು ಇದೀಯಲ್ಲ. ಮುಂದಿನ ಭಾನುವಾರ ಬಂದು ಇನ್ನೊಂದ್ಸಲ ಬಯ್ಯಿ, ಆಗ ತೋಳು ಕೊಡು."

ನಮ್ಮ ಕೌಂಟಿಗೆ ಹೆರಿಗೆ ಡಾಕ್ಟರು ಬರಲಿಲ್ಲ. ಬರುತ್ತಾರೆಂಬ ಸುದ್ದಿ ಒಮ್ಮೆ ಎದ್ದಿತು. ಯಾರೋ ಬಂದು ಊರು ನೋಡಿಕೊಂಡು ಹೋದರು. ಗಾಲಿಕುರ್ಚಿಗಳು ಇದ್ದಲ್ಲೇ ಇವೆ.

ಜಕೀರಾ ಮಗುವನ್ನು ಎತ್ತಿಕೊಂಡು ಚರ್ಚಿಗೆ ಬಂದದ್ದು ಫೆಬ್ರವರಿಯ ಒಂದು ಭಾನುವಾರ. ಅವಳು ಇನ್ನೂ ಹಾಡಲು ಶುರು ಮಾಡಿರಲಿಲ್ಲ. ನಾಲಿಗೆಯ ಒಂದು ಕಡೆ ದಪ್ಪವಾಗಿದೆ, ಕೆಲವು ಮಾತು ಜಾರುತ್ತವೆ ಎನ್ನುತ್ತಿದ್ದಳು. ಡಿಮಾರಿಯೊನ ಪಕ್ಕ ನಡುವಿನ ಬೆಂಚಿನಲ್ಲಿ ಕೂತಳು. ಹಳದಿ ಉಣ್ಣೆಯೊಳಗಿಂದ ಮಗುವಿನ ಮೂಗಷ್ಟೇ ಕಾಣುತ್ತಿತ್ತು. ಬೇರೆಯವರು ಹಾಡುತ್ತಿದ್ದರು. ಆಗಸ್ಟಿನಲ್ಲಿ ಅರ್ಧಕ್ಕೆ ನಿಂತಿದ್ದ ಹಾಡನ್ನು ಆಮೇಲೆ ಯಾರೂ ಎತ್ತಿರಲಿಲ್ಲ. ಅಂದು ಪಾಸ್ಟರು ಅದನ್ನೇ ಹಾಡಲು ಹೇಳಿದರು.

ಮೂರನೆಯ ಚರಣ ಬರುವಾಗ ಜಕೀರಾ ಎದ್ದು ನಿಂತಳು. ಮೊದಲು ತೂಗಾಡಿದಳು. ಆಮೇಲೆ ತಲೆ ಹಿಂದಕ್ಕೆ ಹೋಗಿ, ಎದೆಯಿಂದ ಒಂದು ಕೂಗು ಬಂತು. ಮೈ ನಡುಗಿತು.

ಲೂಶಿಯಸ್‌ನ ಎರಡೂ ಕೈ ಕೀಲಿಮಣೆಯಿಂದ ಮೇಲೆದ್ದವು. ಹಾಡು ನಿಂತಿತು. ಡಿಮಾರಿಯೊ ಬೆಂಚನ್ನು ಹಿಡಿದುಕೊಂಡ. ಬಿಳಿ ಉಡುಪಿನ ಹುಡುಗಿಯರು ಗೋಡೆಗೆ ಅಂಟಿ ನಿಂತರು. ಇಡೀ ಚರ್ಚು ತಿರುಗಿ ಕೊನೆಯ ಬೆಂಚಿನ ಕಂದು ಉಡುಪನ್ನು ನೋಡಿತು.

ಅರ್ಲೀತಾ ಎದ್ದಳು. ಕೈಗವಸಿರಲಿಲ್ಲ. ಚಾಕುವಿನ ಗೀರುಗಳು ತುಂಬಿದ ಕೈಗಳನ್ನು ನಾವು ಬಹಳ ಜನ ಅಂದೇ ಮೊದಲು ನೋಡಿದೆವು. ಅವಳು ನಿಧಾನವಾಗಿ ಬಂದು, ಮೊದಲು ಜಕೀರಾಳ ತೋಳಿನಿಂದ ಮಗುವನ್ನು ಎತ್ತಿ ತನ್ನ ಎಡತೋಳಿಗೆ ಹಾಕಿಕೊಂಡಳು. ಬಲಗೈಯಿಂದ ಜಕೀರಾಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು. ಕಣ್ಣು ನೋಡಿದಳು. ಬಾಯಿ ನೋಡಿದಳು. ಕೆಳಗೆ ಕಾಲನ್ನೂ ನೋಡಿದಳು.

ಆಮೇಲೆ, ಇಷ್ಟು ವರ್ಷ ಯಾರನ್ನೂ ಮಾತಾಡಿಸಬಾರದೆಂದು ಕಲಿಸಿದವಳು, ಗಟ್ಟಿಯಾಗಿ ಕೇಳಿದಳು.

"ನಾನ್ಯಾರೇ?"

ಜಕೀರಾಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ನಡುಗುತ್ತಲೇ, ಆ ದಪ್ಪ ನಾಲಿಗೆಯಲ್ಲೇ ಹೇಳಿದಳು. "ನೀವು ಆಂಟಿ ಅರ್ಲೀತಾ. ನನ್ನ ಕಡಲೆಕಾಯಿ ಕಿತ್ಕೊಂಡೋರು. ಈಗ ನನ್ನನ್ನ ನನ್ನ ಪಾಡಿಗೆ ಬಿಡ್ತೀರಾ?"

ಮೊದಲು ನಕ್ಕವರು ಸಿಸ್ಟರ್ ಕ್ಲೀವಿ. ಆ ನಗು ಬೆಂಚಿನಿಂದ ಬೆಂಚಿಗೆ ಹೋಯಿತು. ಅರ್ಲೀತಾ ಗಲ್ಲ ಬಿಟ್ಟಳು. ಲೂಶಿಯಸ್ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದಳು.

ಆರ್ಗನ್ ಶುರುವಾಯಿತು, ಅದರ ಹಿಂದೆಯೇ ಡ್ರಮ್ಮು. ಡೀಕನ್ ಪರ್ವಿಸ್ ಹೆಂಡತಿಯ ಕೈಯಿಂದ ಕೋಟು ಬಿಡಿಸಿಕೊಂಡು ಎಡಗಡೆಯ ಹಾದಿಗೆ ಇಳಿದರು. ಜಕೀರಾ ಕೈಯೆತ್ತಿ ಕೂಗುತ್ತಿದ್ದಳು. ಅರ್ಲೀತಾ ಅವಳ ಪಕ್ಕದಲ್ಲೇ ನಿಂತು, ಒಂದು ತೋಳಲ್ಲಿ ಮಗುವನ್ನು ಹಿಡಿದುಕೊಂಡು, ಬೆಂಚಿನ ಮೇಲಿದ್ದ ಬೀಸಣಿಗೆಯನ್ನು ತೆಗೆದುಕೊಂಡು ಗಾಳಿ ಬೀಸತೊಡಗಿದಳು.